ಪರ್ವತಯ್ಯನೂ ಕೊಲ್ಲಾಪುರಮ್ಮನ ಮಂಡಿಯೂ

ಮಧುಗಿರಿಯ ಪರ್ವತಯ್ಯ ಹುಟ್ಟಿದ್ದು ಜಂಗಮರ ಮನೆಯಲ್ಲಿ. ಜನ ಬಂದು ಕಾಲಿಗೆ ಬೀಳುವುದು, ಪಾದ ತೊಳೆದ ನೀರು ಕಣ್ಣಿಗೊತ್ತಿಕೊಳ್ಳುವುದು ಕಂಡರೆ ಚಿಕ್ಕಂದಿನಿಂದಲೂ ಅವನಿಗೆ ಮೈಮೇಲೆ ಹುಳ ಹರಿದಂತೆ. ಆ ಕಾಟ ತಪ್ಪಿಸಿಕೊಳ್ಳಲೆಂದೇ ಬೆಂಗಳೂರಿನ ದಂಡಿಗೆ ಓಡಿದ. ಜರ್ಮನಿ ಯುದ್ಧದಿಂದ ಮರಳಿದ ಸಿಪಾಯಿಗಳ ಸೆಟೆದ ಕೈಕಾಲು ನೀವಿ, ಕೀಲು ಆಡಿಸಿ ಸಡಿಲಿಸುವ ಕೆಲಸವನ್ನು ಅಲ್ಲಿನ ಆಸ್ಪತ್ರೆಯಲ್ಲಿ ಕಲಿತ. ಯಾರೂ ಅವನ ಕುಲ ಕೇಳಲಿಲ್ಲ, ಸುಖವಾಗಿದ್ದ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು. ಅವನನ್ನು ಪಾವಗಡದ ಕಡೆಯ ಒಂದು ಹಳ್ಳಿ ದವಾಖಾನೆಗೆ ಹಾಕಿದರು.

ಅಲ್ಲಿನವರದು ಅರ್ಧ ಕನ್ನಡ, ಅರ್ಧ ತೆಲುಗು. ಭಾಷೆ ಹೇಗೋ ಒಗ್ಗಿತು. ಆದರೆ ಅಂಗಿಯೊಳಗಿನ ಲಿಂಗದ ಕರಡಿಗೆ ಒಮ್ಮೆ ಕಣ್ಣಿಗೆ ಬಿದ್ದದ್ದೇ ತಡ, ಅವನ ಕೈಗೆ ಕಾಲು ಕೊಡುವವರೇ ಇಲ್ಲವಾದರು.

ಸೂಲಗಿತ್ತಿ ಕೊಲ್ಲಾಪುರಮ್ಮ ಬಾವಿ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಮೂಳೆಯೇನೋ ಕೂಡಿತು, ಮಂಡಿ ಮಾತ್ರ ಒನಕೆಯ ಹಾಗೆ ಸೆಟೆದು ನಿಂತಿತು. ಕುಕ್ಕರಗಾಲಲ್ಲಿ ಕೂತು ಊರಿನ ಮಕ್ಕಳನ್ನೆಲ್ಲ ಹಿಡಿದ ಹೆಂಗಸು ಅವಳು. ಈಗ ಸ್ವಂತ ಮಗಳೇ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂರಲಾರದ ತಾಯಿ ಆ ಕೂಸನ್ನು ಹಿಡಿಯುವುದು ಹೇಗೆ?

“ವದ್ದು ಸಾಮಿ, ಬ್ಯಾಡ,” ಎಂದು ಅವಳು ಕಾಲಿನ ಮೇಲೆ ಸೀರೆ ಎಳೆದುಕೊಂಡಳು. “ಅಯ್ನೋರ ಕೈಲಿ ಕಾಲು ಹಿಡಿಸ್ಕಂಡ್ರೆ ಮಗಳ ಹೊಟ್ಟೆಗೆ ಆಗಬಾರದ್ದು ಆಗ್ತೈತೆ.”

“ಹಂಗಾದ್ರೆ ನೀನೇ ಬಗ್ಸಮ್ಮ. ದಿನಾ ಕೂತು ಏಳು.”

“ಸುಮ್ಕೆ ಕೂತು ಎದ್ರೆ ಜನ ನಗಾಕಿಲ್ವಾ? ನೋವು ಬೇರೆ.”

ಬಿಸಿಲಲ್ಲಿ ದಿನವೂ ನಡೆದು ಹೋಗುವುದು, ಇದೇ ಮಾತು ಕೇಳಿ ಬರುವುದು. ಒಂದು ದಿನ ರೋಸಿಹೋದ ಪರ್ವತಯ್ಯ ಕೇಳದೆ ಕಾಲು ಹಿಡಿದು ಬಗ್ಗಿಸಹೋದ, ಮಂಡಿ ಜಗ್ಗಲಿಲ್ಲ. ನೋವು ತಡೆದುಕೊಂಡ ಹೆಂಗಸು ಪಾಪಕ್ಕೆ ಹೆದರಿ ಅತ್ತಳು. ಅಡ್ಡಬಿದ್ದರೆ ದೋಷ ಹೋಗುತ್ತದೆಂದು ಗೋಡೆ ಹಿಡಿದೆದ್ದು, ಹಲ್ಲು ಕಚ್ಚಿ ಅವನ ಪಾದಕ್ಕೆ ಬಗ್ಗಿದಳು. ಪಾದ ಹಿಂದಕ್ಕೆಳೆದುಕೊಳ್ಳುವುದು ಅವನ ಹಳೆಯ ಚಾಳಿ, ಅಂದು ಎಳೆದುಕೊಳ್ಳಲಿಲ್ಲ. ಅವನ ಕೈಗೆ ಬಗ್ಗದ ಮಂಡಿ ಅವನ ಪಾದಕ್ಕೆ ಬಗ್ಗುತ್ತಿತ್ತು. ಸಂತೋಷವಾಗಬೇಕಿತ್ತು, ಮೈಮೇಲೆ ಅದೇ ಹಳೆಯ ಹುಳ ಹರಿಯಿತು.

ಮಾರನೆಯ ದಿನದಿಂದ ನಿತ್ಯವೂ ಹೋಗಿ ಅವಳ ಮಂಡಿಗೆ ಒಂದು ಬೆರಳು ತಾಗಿಸಿ ನಿಲ್ಲುತ್ತಿದ್ದ. ದೋಷ ಕಳೆಯಲು ಅವಳು ಅಡ್ಡಬೀಳುತ್ತಿದ್ದಳು. ಎದ್ದ ಕೂಡಲೇ ಮತ್ತೆ ತಾಗಿಸುತ್ತಿದ್ದ. ಇದಕ್ಕಾಗಿ ದಂಡಿನವರೆಗೆ ಹೋಗಬೇಕಿತ್ತೇ, ಮನೆಯಲ್ಲೇ ಇದ್ದಿದ್ದರೆ ನೆರಳಲ್ಲಾದರೂ ಕೂತು ಕಾಲಿಗೆ ಬೀಳಿಸಿಕೊಳ್ಳುತ್ತಿದ್ದೆನಲ್ಲ ಎಂದುಕೊಳ್ಳುತ್ತಾ ವಾಪಸು ನಡೆಯುತ್ತಿದ್ದ.

ಸಂಕ್ರಾಂತಿ ಕಳೆದು ಮಗಳಿಗೆ ನೋವು ಬಂತು. ಕೊಲ್ಲಾಪುರಮ್ಮ ಕುಕ್ಕರಗಾಲಲ್ಲಿ ಕೂತು ಮೊಮ್ಮಗಳನ್ನು ತಾನೇ ಹಿಡಿದಳು. ಪುರುಡು ಕಳೆದ ಮೇಲೆ ಕೂಸನ್ನು ದವಾಖಾನೆಗೆ ತಂದು ಅವನ ಪಾದದ ಬಳಿ ಮಲಗಿಸಿದಳು.

“ಮಂಡಿ ಬಗ್ಸಿದ್ದು ನೀನೇ ಕಣಮ್ಮ, ನಾನಲ್ಲ. ಊರೋರಿಗೂ ಹಂಗೇ ಹೇಳು.”

“ಊರಿಗೆಲ್ಲ ಹೇಳ್‌ಬುಟ್ಟಿದೀನಿ ಸಾಮಿ, ನಿಮ್ ಪಾದದ ಮಹಿಮೆ.”

ಹೊರಗೆ ಇಣುಕಿದ. ಪಕ್ಕದೂರು ವಳ್ಳೂರಿನಿಂದ ಗಾಡಿ ಕಟ್ಟಿಕೊಂಡು ಬಂದ ಕುಂಟರು, ಸೊಂಟ ಹಿಡಿದವರು ಜಗಲಿ ತುಂಬಿದ್ದರು. ಮುಟ್ಟಿಸಿಕೊಳ್ಳಲು ಬಂದವರು ಒಬ್ಬರೂ ಇಲ್ಲ, ಎಲ್ಲರೂ ಕಾಲಿಗೆ ಬೀಳಲು ಬಂದವರೇ. ಪರ್ವತಯ್ಯನಿಗೆ ಅಳು ಬರುವಷ್ಟು ದಣಿವಾಯಿತು. ಆದರೂ ಹೋಗಿ ನಿಂತ. ಮುದುಕನೊಬ್ಬ ನರಳುತ್ತಾ ಬಗ್ಗಿ ಪಾದಕ್ಕೆ ಕೈ ಚಾಚಿದ. ಇನ್ನೇನು ತಾಗಬೇಕು, ಪರ್ವತಯ್ಯ ಒಂದು ಹೆಜ್ಜೆ ಹಿಂದೆ ಸರಿದು, “ಇನ್ನೊಂಚೂರು ಬಗ್ಗಪ್ಪ,” ಎಂದ.