ಗ್ಯಾರಿಬಾಲ್ಡಿ ಪಾಠ ಮಾಡಿದವನು

ಆ ಗ್ಯಾರಿಬಾಲ್ಡಿ ಪಾಠ ಮಾಡಿದವನು ನಾನು. ನೀವಲ್ಲ, ವೀರಭದ್ರಪ್ಪ ಮಾಸ್ತರೇ. ನಿಮಗಿದು ಹೊಸದಲ್ಲ — ಆದರೂ ನನ್ನ ಬಾಯಿಂದ ಒಮ್ಮೆಯೂ ಕೇಳಿಲ್ಲ ನೀವು.

ಸಿರುಗುಪ್ಪದ ಶಾಲೆಯಲ್ಲಿ ನಾವಿಬ್ಬರೂ ಒಂದು ರೂಢಿ ಇಟ್ಟುಕೊಂಡಿದ್ದೆವಲ್ಲ. ಒಬ್ಬ ಊರಿಗೆ ಹೋದರೆ ಇನ್ನೊಬ್ಬ ಅವನ ಹಾಜರಿ ಹಾಕಿ, ತರಗತಿ ತೆಗೆದುಕೊಂಡು, ಅವನ ಪಾಠದ ದಿನಚರಿಯನ್ನು ಅವನ ಅಕ್ಷರದಂತೆಯೇ ಬರೆದಿಡುವುದು. ರಜೆ ಉಳಿಯುತ್ತಿತ್ತು. ಬ್ರಿಟಿಷರ ವಿರುದ್ಧ ಚಳವಳಿ ಎದ್ದ ಆ ವರ್ಷ, ತಾಯಿಗೆ ಜ್ವರವೆಂದು ನೀವು ರೂಪನಗುಡಿಗೆ ಹೋದಿರಿ. ನಿಮ್ಮ ತರಗತಿಯಲ್ಲಿ ಅಂದು ನೆಪೋಲಿಯನ್ ಮುಗಿಸಬೇಕಿತ್ತು. ಮುಗಿಸಿದೆ. ಗಂಟೆ ಹೊಡೆಯಲು ಇನ್ನೂ ಹೊತ್ತಿತ್ತು — ನನಗೇಕೆ ಬೇಕಿತ್ತೋ — ಪುಸ್ತಕದಲ್ಲಿಲ್ಲದ ಗ್ಯಾರಿಬಾಲ್ಡಿಯನ್ನು ಹಿಡಿದೆ. ಕೆಂಪಂಗಿಯ ಸಾವಿರ ಜನರನ್ನು ಕಟ್ಟಿಕೊಂಡು ಹಡಗು ಹತ್ತಿದ ಕತೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು, ನಾನು ಉಬ್ಬಿಹೋದೆ. ಹಡಗು ದಡ ಸೇರುವ ಮೊದಲೇ ಗಂಟೆ ಹೊಡೆಯಿತು. ನಿಮ್ಮ ದಿನಚರಿಯಲ್ಲಿ ಬರೆದೆ: ‘ಪರರ ಆಳ್ವಿಕೆಯಿಂದ ಇಟಲಿಯನ್ನು ಬಿಡಿಸಿದ ವೀರ.’

ನೀವು ಮರಳಿದ ವಾರವೇ ಶಾಲೆಯ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ಆ ಪುಟದ ಮೇಲೆ ಬೆರಳಿಟ್ಟು, ಇದು ಯಾರ ಪಾಠವೆಂದು ಕೇಳಿದರು. ನೀವು ನನ್ನತ್ತ ನೋಡಿದಿರಿ. ನಾನು —

“ದಿನಚರಿ ಅವರದ್ರಿ, ಸಾರ್.”

ಸುಳ್ಳೇನಲ್ಲ, ನೋಡಿ. ಎಂಥ ಜಾಣ ನಾನು! ಅಂದು ಊರಲ್ಲೇ ಇರಲಿಲ್ಲವೆಂದು ನೀವು ಹೇಳಬಹುದಿತ್ತು. ಹೇಳಿದ್ದರೆ ಹಾಜರಿಯ ಕಳ್ಳತನ ಬಯಲಾಗಿ ನನ್ನ ಕೆಲಸವೂ ಹೋಗುತ್ತಿತ್ತು. ನೀವು ತಲೆ ತಗ್ಗಿಸಿದಿರಿ. ಎಂಟು ದಿನಕ್ಕೆ ನಿಮ್ಮನ್ನು ಕೆಲಸದಿಂದ ತೆಗೆದ ಆರ್ಡರು ಬಂತು.

ಮಕ್ಕಳಿಗೆಲ್ಲ ಗೊತ್ತಿತ್ತು. ಕತೆ ಹೇಳಿರೆಂದು ಮತ್ತೆಂದೂ ನನ್ನನ್ನು ಕೇಳಲಿಲ್ಲ. ನಾವು ರೊಟ್ಟಿ ಬಿಚ್ಚುತ್ತಿದ್ದ ಬೇವಿನ ಕಟ್ಟೆಯಲ್ಲಿ ಇಂದಿಗೂ ಒಬ್ಬನೇ ಕೂತು ಉಣ್ಣುತ್ತೇನೆ. ಹೊಸ ಮಾಸ್ತರರು ಕರೆಯುತ್ತಾರೆ. ಹೋಗಲು ಮನಸ್ಸಾಗುವುದಿಲ್ಲ.

ಮೊನ್ನೆ ಬ್ರೂಸ್‌ಪೇಟೆಯ ಬೆಲ್ಲದ ಅಂಗಡಿಯಲ್ಲಿ ತಕ್ಕಡಿ ಹಿಡಿದು ನಿಂತಿದ್ದಿರಿ. ನನ್ನನ್ನು ಕಂಡು, ಮೂಟೆಯ ಮೇಲೆ ಕೂರಿಸಿ, ಚಹಾ ತರಿಸಿದಿರಿ. ಬೈಯುತ್ತೀರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

“ಮಾಸ್ತರ, ಆ ಪಾಠ ಅರ್ಧಕ್ಕ ನಿಂತಿತ್ತಂತಲ್ರಿ,” ಎಂದಿರಿ. “ಆಮ್ಯಾಲ ಮುಗಿಸಿದ್ರೇನು?”

“ಹೂಂ ರೀ, ಮುಗಿಸೀನಿ.”

ಮುಗಿಸಿಲ್ಲ. ಚಹಾ ಕುಡಿಸಿದವರಿಗೆ ಅದನ್ನೂ ಸುಳ್ಳು ಹೇಳಿ ಬಂದೆ. ಸ್ವಾತಂತ್ರ್ಯ ಬಂದಮೇಲೆ ಗ್ಯಾರಿಬಾಲ್ಡಿ ಪಠ್ಯದಲ್ಲೇ ಅಚ್ಚಾಗಿ ಬಂದಿದ್ದಾನೆ. ನಾನು ಮಾತ್ರ ಆ ಹಾಳೆ ಮಗುಚಿ, ನೆಪೋಲಿಯನ್ನನಿಂದ ನೇರ ಉಗಿಯಂತ್ರದ ಜೇಮ್ಸ್ ವ್ಯಾಟ್‌ಗೆ ಹೋಗಿಬಿಡುತ್ತೇನೆ.

ಈ ಕಾಗದದ ಇನ್ನೊಂದು ಪ್ರತಿಯನ್ನು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟಿದ್ದೇನೆ. ಇದರಿಂದ ನಿಮ್ಮ ಕೆಲಸ ಮರಳಿ ಬರುವುದಿಲ್ಲ, ಬಲ್ಲೆ. ನಾಳೆ ತರಗತಿಯಲ್ಲಿ ಆ ಹಡಗನ್ನು ದಡ ಮುಟ್ಟಿಸುತ್ತೇನೆ; ಅದಕ್ಕೂ ಮೊದಲು, ಆ ಪಾಠಕ್ಕಾಗಿ ಕೆಲಸ ಕಳೆದುಕೊಂಡವರ ಹೆಸರು ಹೇಳುತ್ತೇನೆ. ದಿನಚರಿಯಲ್ಲಿ ನನ್ನ ಹೆಸರಿರುತ್ತದೆ — ನನ್ನದೇ ಅಕ್ಷರದಲ್ಲಿ.