ಕರ್ನೀಲ್ಸನ ಟೋಪಿಗೆ ಬಿದ್ದ ತೋಟಾಗಳು

ಸೂರ್ಯ ಇನ್ನೂ ಗುಡ್ಡ ಹತ್ತಿಲ್ಲ. ನಮ್ಮೂರು ಕ್ಲಿಪ್‌ಕ್ರಾಲ್‌ನ ಕುದುರೆಮಸಾಲೆ ಮೇವಿನ ಸೊಪ್ಪಿನ ಹೊಲದಂಚಿನಲ್ಲಿ, ಇಬ್ಬನಿ ಹೆಪ್ಪುಗಟ್ಟಿದ ನೆಲದ ಮೇಲೆ ಗೋಣಿ ಹಾಸಿಕೊಂಡು ಕರ್ನೀಲ್ಸ್ ಮಾಲ್ಗಾಸ್ ಬೋರಲು ಮಲಗಿದ್ದಾರೆ. ಕೈಯಲ್ಲಿ ಹಳೆಯ ಪಾಯಿಂಟ್ ಟೂ-ಟೂ ಕೋವಿ. ಪಕ್ಕದಲ್ಲಿ ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು, ಚಳಿಗೆ ಹಲ್ಲು ಕಟಕಟಿಸುತ್ತಾ.

"ಸುಮ್ನಿರೋ ಮಾರಾಯ, ನಿನ್ನ ಹಲ್ಲಿನ ಸದ್ದು ಡಾಸಿಗೂ ಕೇಳ್ಸುತ್ತೆ," ಎಂದು ಪಿಸುಗುಡುತ್ತಾರೆ.

ಸೂರ್ಯ ಮೂಡುತ್ತಲೇ ಡಾಸಿಗಳು, ಬಂಡೆಸಂದಿಯಲ್ಲಿ ವಾಸಿಸುವ ಕಾಡುಪ್ರಾಣಿಗಳು, ಬಂಡೆಯ ಮೇಲೆ ಒಂದೊಂದಾಗಿ ಬಿಸಿಲು ಕಾಯಲು ಬರುತ್ತವೆ. ಮೊಲದಷ್ಟು ದಪ್ಪ, ಬಾಲವಿಲ್ಲ, ಹೊಟ್ಟೆಬಾಕತನಕ್ಕೆ ಮಾತ್ರ ಕೊನೆಯಿಲ್ಲ; ಕುರಿಗಳಿಗೆಂದು ಬೆಳೆದ ಸೊಪ್ಪನ್ನು ಹಿಂಡುಗಟ್ಟಿ ಬೋಳಿಸಿಬಿಡುತ್ತವೆ. 'ಟಪ್' ಎಂಬ ಸಣ್ಣ ಸದ್ದು. ಒಂದು ಉರುಳುತ್ತದೆ. ಉಳಿದವು ಕತ್ತೆತ್ತಿ ನೋಡಿ ಮತ್ತೆ ಬಿಸಿಲಿಗೆ ಮೈಯೊಡ್ಡುತ್ತವೆ. ಒಳ್ಳೆಯ ದಿನ ಆರೇಳು ಸಿಗುತ್ತವೆ. ಮಾಂಸ ಅವರ ಮನೆಯ ಮಡಕೆಗೆ.

ಉಣ್ಣೆ ಕತ್ತರಿಸಿ ಕತ್ತರಿಸಿ ಸೊಂಟ ಬಿದ್ದ ಮೇಲೆ ಕರ್ನೀಲ್ಸ್ ಹಿಡಿದ ಕೆಲಸ ಇದು. ಹೊಲದವರು ಕೂಲಿ ಕೊಡುತ್ತಾರೆ, ತೋಟಾ ಕೊಡುವುದಿಲ್ಲ. ಹೀಗಾಗಿ ಅಗ್ಗದ ತೋಟಾ ಆರಿಸುವುದೇ ಅವರಿಗೆ ಅರ್ಧ ಉದ್ಯೋಗ. ಯಾವುದು ಕೊಳ್ಳಲಿ ಅಂತ ಊರಿನವರೆಲ್ಲ ಅವರನ್ನೇ ಕೇಳುತ್ತಾರೆ.

"ಡಬ್ಬಿ ಮೇಲೆ ಚಿರತೆ ಚಿತ್ರ ಹಾಕಿದ್ರೆ ಏನ್ ಬಂತು? ನಿನ್ನ ಕೋವಿಗೆ ಹಿಡಿಸ್ಬೇಕಲ್ಲ! ಎರಡ್ಮೂರು ಥರದ್ದು ಒಂದೊಂದು ಡಬ್ಬಿ ತಗೋ, ರಟ್ಟಿಗೆ ಹೊಡಿ. ಯಾವ್ದು ಒಂದೇ ಕಡೆ ಗುಂಪಾಗಿ ಕೂರುತ್ತೋ ಅದ್ರಲ್ಲಿ ಅಗ್ಗದ್ದು ತಗೊಂಡು ಸುಮ್ನಾಗು. ತಗಡಿನ ಡಬ್ಬಕ್ಕೆ ಹೊಡೆಯೋಕಾ? ಹಿಂದೆ ಮಣ್ಣಿನ ದಿಬ್ಬ ಇರ್ಲಿ, ಗಟ್ಟಿ ಮೂತಿಯ ಅಗ್ಗದ ತೋಟಾ ಸಾಕು. ಬಂಡೆ ಮೇಲಿನ ಡಾಸಿಗೆ ಮಾತ್ರ ಮೂತಿ ಟೊಳ್ಳಿರೋದೇ ಬೇಕು. ಕಲ್ಲಿಗೆ ತಾಗಿದ್ರೆ ಪುಡಿಯಾಗುತ್ತೆ. ಗಟ್ಟಿದು ಪುಟಿಯುತ್ತೆ."

ಕೊನೆಯ ಮಾತು ಹೇಳುವಾಗ ಅವರು ನನ್ನ ಮುಖ ನೋಡುವುದಿಲ್ಲ.

ಶನಿವಾರ ಅಂಗಡಿಯ ಹಿಂದೆ ಡಬ್ಬಕ್ಕೆ ಗುರಿ ಹೊಡೆಯುವ ಆಟ. ಮುಗಿದ ಮೇಲೆ ಜೇಬಿನಲ್ಲಿ ಉಳಿದ ತೋಟಾಗಳನ್ನು ಕರ್ನೀಲ್ಸರ ಟೋಪಿಗೆ ಹಾಕಿ ಹೋಗುವುದು ನಮ್ಮಲ್ಲಿಯ ರೂಢಿ. ನಾನೂ ಹಾಕಿದ್ದೇನೆ. ಅವರು ಬೇಡ ಅಂದರೆ ಜನ ಜಂಬ ಅನ್ನುತ್ತಾರೆ, ತೆಗೆದುಕೊಂಡರೆ ಗಟ್ಟಿ ಮೂತಿಯವು, ಟೊಳ್ಳು ಮೂತಿಯವು ಎಲ್ಲ ಬೆರಕೆ.

ಅಷ್ಟರಲ್ಲಿ ಗ್ರೀಟ್ ಯಾಫ್ತಾ ಎಂಬ ಮಹಿಳೆಯ ಕತ್ತೆಗಾಡಿ ಬಂದು ನಿಲ್ಲುತ್ತದೆ. ಊರೂರು ಅಲೆದು ಕುರಿಗಳ ಉಣ್ಣೆ ಕತ್ತರಿಸುವ ಸಂಸಾರ. ಈ ಗಾಡಿಯೇ ಅವರ ಮನೆ. ಕತ್ತೆಯ ಹೆಸರು ಬೋಟರ್. ಅದರ ಎಡಗಣ್ಣು ಕಳೆದ ಬೇಸಿಗೆಯಲ್ಲಿ ಹೋಯಿತು.

"ಪೇಪರಿನವ್ರಾ? ನಮ್ಮ ಕರ್ನೀಲ್ಸಣ್ಣನ್ನ ಚೆನ್ನಾಗಿ ಬರೀರಿ ಸ್ವಾಮಿ," ಅನ್ನುತ್ತಾರೆ ಗ್ರೀಟ್. "ಯಾವನೋ ಪೋಲಿ ಪುಂಡ ಗುಂಡು ಹಾರಿಸಿ ನನ್ನ ಕತ್ತೆ ಕಣ್ಣು ತೆಗ್ದ. ಅವನ ಕೈ ಸೇದಿಹೋಗ! ಅವತ್ತಿಂದ ಸೊಪ್ಪು ತಂದು ಹಾಕ್ತಿರೋದು ಯಾರು? ಈ ಪುಣ್ಯಾತ್ಮ. ಇಗೋ, ಗಾಡೀಲಿರೋದೂ ಅವ್ರು ಕೊಟ್ಟಿದ್ದೇ."

ಕರ್ನೀಲ್ಸ್ ಟೋಪಿ ತೆಗೆಯುತ್ತಾರೆ. ಮುಖ ಕಪ್ಪಿಡುತ್ತದೆ. ಗೋಣಿಯನ್ನು ಮಡಿಸುತ್ತಾರೆ, ಬಿಡಿಸುತ್ತಾರೆ, ಮತ್ತೆ ಮಡಿಸುತ್ತಾರೆ.

"ಹಾಗೆ ಬರೀಬೇಡಪ್ಪಾ. ಅದು ನಾನೇ."

"ಏನು ನೀವೇ?" ಗ್ರೀಟ್ ನಗುತ್ತಲೇ ಕೇಳುತ್ತಾರೆ.

"ಆ ಪೋಲಿ ಪುಂಡ. ಟೊಳ್ಳು ಮೂತಿದು ಖಾಲಿಯಾಗಿತ್ತು. ಟೋಪೀಲಿ ಬಿಟ್ಟಿ ಬಿದ್ದಿದ್ವಲ್ಲ, ಗಟ್ಟಿವು. ಒಂದು ಹೊಡೆದ್ರೆ ಏನಾಗುತ್ತೆ ಅಂತ ಹೊಡ್ದೆ. ಊರಿಗೆಲ್ಲಾ ಬೇಡ ಅಂತ ಹೇಳೋನು ನಾನೇ! ಬಂಡೆಗೆ ತಾಗಿ ಪುಟಿದು ಹಳ್ಳದ ಕಡೆ ಹೋಯ್ತು. ಅಲ್ಲಿ ಮೇಯ್ತಿದ್ದ ಬೋಟರ್ ಕಿರುಚಿದ್ದು ಕೇಳ್ತು. ನಾಚ್ಕೆ ಆಯ್ತಮ್ಮಾ, ಬಾಯೇ ಬರ್ಲಿಲ್ಲ. ಸೊಪ್ಪು ಹೊತ್ಕೊಂಡು ಬಂದೆ. ನೀನು ಪುಣ್ಯಾತ್ಮ ಅಂದೆ. ಆಮೇಲಂತೂ ಹೇಳೋಕೆ ಧೈರ್ಯನೇ ಸತ್ತೋಯ್ತು."

ಲೇಖನಕ್ಕೆ ಬಂದ ನನಗೆ ಪೆನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಆ ಟೋಪಿಯಲ್ಲಿ ನನ್ನ ತೋಟಾಗಳೂ ಇದ್ದವಲ್ಲ ಎಂದು ನಾಚಿಕೆಯಾಗುತ್ತದೆ.

ಗ್ರೀಟ್ ಸೊಪ್ಪಿನ ಹೊರೆಯನ್ನು ಎಳೆದು ಅವರ ಕಾಲ ಬುಡಕ್ಕೆ ಎಸೆಯುತ್ತಾರೆ. "ಥೂ! ದಿನಾ ಪ್ರಾರ್ಥನೇಲಿ ನಿನ್ನ ಹೆಸರು ಹೇಳ್ತಿದ್ದೆನಲ್ಲೋ ಮೂದೇವಿ!" ಅಳುತ್ತಾರೆ, ಬೈಯುತ್ತಾರೆ, ಬೈದು ಸುಸ್ತಾಗಿ ಗಾಡಿಯ ಗಾಲಿಗೆ ಒರಗಿ ನಿಲ್ಲುತ್ತಾರೆ.

ಆಮೇಲೆ ಗ್ರೀಟ್ ತಲೆವಸ್ತ್ರದ ಅಂಚಿನಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. "ನಿನ್ನ ಸೊಪ್ಪು ನನಗೆ ಬೇಡ. ಕುರುಡು ಕಡೆ ಒಂದು ಹಕ್ಕಿ ಹಾರಿದ್ರೂ ಇದು ಬೆದರಿ ಗಾಡೀನ ಹಳ್ಳಕ್ಕೆ ಎಳೆಯುತ್ತೆ. ಆ ಕಡೆ ಒಬ್ರು ನಡೀತಾ ಇರ್ಬೇಕು. ಇಷ್ಟು ದಿನ ನಾನು ನಡೆದೆ. ಕಾಲು ಸೋತಿವೆ. ಇನ್ಮೇಲೆ ನೀನು ನಡಿ."

ಕರ್ನೀಲ್ಸ್ ಕೋವಿಯ ತೋಟಾ ತೆಗೆದು ಕೋವಿಯನ್ನು ನನ್ನ ಕೈಗಿಡುತ್ತಾರೆ. ಸೊಂಟ ಹಿಡಿದುಕೊಂಡು ಬೋಟರ್‌ನ ಎಡಕ್ಕೆ ಹೋಗಿ ಕುತ್ತಿಗೆ ಮುಟ್ಟುತ್ತಾರೆ. ಕತ್ತೆ ಬೆಚ್ಚಿ ಪಕ್ಕಕ್ಕೆ ಜಿಗಿಯುತ್ತದೆ. ಅವರು ಕೈ ಹಿಂದೆಗೆಯುತ್ತಾರೆ.

ಹೆಸರು ಬಿಟ್ಟು ಬರೆಯಲೇ ಎಂದು ಕೇಳುತ್ತೇನೆ.

"ಪೂರ್ತಿ ಹೆಸ್ರು ಹಾಕು. ಹೇಗೂ ನನ್ನ ಬಾಯಿಂದ ಊರಿಗೆಲ್ಲಾ ಹೇಳೋಕಾಗಲ್ಲ."

"ನಿಮ್ಮ ಆಸೆ ಏನು?" ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆ, ಕೇಳಿಬಿಡುತ್ತೇನೆ.

ಗಾಡಿ ಹೊರಡುತ್ತದೆ. ಕರ್ನೀಲ್ಸ್ ಕುರುಡು ಕಡೆಯಲ್ಲಿ, ಕತ್ತೆಗೆ ತಾಗದಷ್ಟು ದೂರದಲ್ಲಿ ನಡೆಯುತ್ತಾ ಹೇಳುತ್ತಾರೆ: "ಇದು ನನ್ನ ಕೈಗೆ ಬೆದರ್ದೇ ಇದ್ರೆ ಸಾಕು."