ನಾನು ಓದದೆ ಬಿಟ್ಟ ನಲ್ಲಿಯ ಪುಟ

ಮಕ್ಕಳೇ, ಬೆಸಗರಹಳ್ಳಿ ಪಕ್ಕದ ನಮ್ಮೂರ ಶಾಲೆಯಲ್ಲಿ ನಾನು ಏಳನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಪಾಠದ ಪುಸ್ತಕ ಬಿಟ್ಟು ಬೇರೆ ಪುಸ್ತಕ ಕಾಣುವುದೇ ಅಪರೂಪ. ಆಲೆಮನೆಯ ಬೆಲ್ಲದ ವಾಸನೆ ಕ್ಲಾಸಿನೊಳಗೂ ಬರುತ್ತಿದ್ದ ದಿನಗಳಲ್ಲಿ ಮೇಷ್ಟ್ರು ಎರಡು ಪುಸ್ತಕ ತಂದರು. ಎರಡೂ ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ನಾಯಕರೊಬ್ಬರ ಹೆಸರಾದ ಭಾಷಣದ ಮೇಲಿನವು. ನನಗೂ ಗೆಳತಿ ಚಿಕ್ಕತಾಯಿಗೂ ಒಂದೊಂದು ಕೊಟ್ಟು, "ಹೋಲಿಸಿ ನೋಡಿ. ಚೆನ್ನಾಗಿರೋದನ್ನ ಸ್ಕೂಲ್ ಡೇಲಿ ಓದಿ" ಎಂದರು.

ಹುಣಸೆಮರದ ಕೆಳಗೆ ಹುರಿಗಡಲೆ ತಿನ್ನುತ್ತ ಓದಿದೆವು. ನನ್ನದರಲ್ಲಿ ಬಣ್ಣದ ಚಿತ್ರ, ಜನಸಾಗರ, ಕನಸಿನ ಮಾತು, ಚಪ್ಪಾಳೆ. ಅವಳದು ತೆಳ್ಳಗೆ, ಹೊಲಿಗೆ ಬಿಟ್ಟದ್ದು. ಆದರೆ ಭಾಷಣದ ಹಿಂದಿನ ಕಥೆ ಅದರಲ್ಲಿತ್ತು: ಬಿಳಿಯರಿಗೊಂದು ನಲ್ಲಿ, ಕರಿಯರಿಗೊಂದು ನಲ್ಲಿ.

"ನಿಂದ್ರಲ್ಲಿ ನಲ್ಲಿ ಎಲ್ಲಮ್ಮಿ?" ಎಂದಳು.

"ಇಲ್ಲ ಕಣೆ."

"ನಲ್ಲಿ ಬುಟ್ಬುಟ್ರೆ ಅವಯ್ಯ ಯಾಕೆ ಕನಸು ಕಂಡ ಅಂತ ಎಂಗೆ ಗೊತ್ತಾಯ್ತದೆ? ಸುಮ್ಕೆ ನಿದ್ದೆ ಬಂದಿತ್ತಾ?"

ಇಬ್ಬರೂ ನಕ್ಕೆವು. ನನ್ನ ನಗು ಬೇಗ ನಿಂತಿತು. ನಮ್ಮ ಶಾಲೆಯಲ್ಲಿ ಕೇರಿಯ ಮಕ್ಕಳು ನೀರಿನ ಗಡಿಗೆ ಮುಟ್ಟುವಂತಿರಲಿಲ್ಲ. ಅವರು ಬೊಗಸೆ ಒಡ್ಡಬೇಕು, ಸರದಿಯಲ್ಲಿ ನಾವು ಎತ್ತರದಿಂದ ಹೊಯ್ಯಬೇಕು. ಚಿಕ್ಕತಾಯಿಗೂ ಎಷ್ಟೋ ಸಲ ಹಾಗೇ ಹೊಯ್ದಿದ್ದೆ. ಅದರಲ್ಲಿ ತಪ್ಪಿದೆ ಅಂತ ಹೊಳೆದೇ ಇರಲಿಲ್ಲ.

"ಈ ಪುಟ ನೀನೇ ಓದು ಕಣಮ್ಮಿ. ನಾನ್ ಓದಿದ್ರೆ ನಮ್ಮಟ್ಟಿ ಗೋಳು ಅಂತಾರೆ. ನೀನಾದ್ರೆ ಕೇಳ್ತಾರೆ."

"ಊಂ, ಓದ್ತೀನಿ" ಎಂದು ಮಾತು ಕೊಟ್ಟೆ.

ಸ್ಕೂಲ್ ಡೇ ದಿನ ಮುಂದಿನ ಸಾಲಿನಲ್ಲಿ ಅಪ್ಪ, ಊರಿನ ಯಜಮಾನರ ಜೊತೆ ಕೂತಿದ್ದರು. ಎರಡು ಪುಸ್ತಕವೂ ನನ್ನ ಕೈಯಲ್ಲಿದ್ದವು. ಅಪ್ಪನ ಮುಖ ನೋಡಿದೆ. ಬಣ್ಣದ್ದನ್ನು ತೆರೆದೆ. ಚಪ್ಪಾಳೆ ಬಿತ್ತು. "ಚೆಂದಾಗ್ ಓದ್ದೆ ಕಣವ್ವ" ಎಂದರು ಅಪ್ಪ.

ಚಿಕ್ಕತಾಯಿ ಬೈಯಲಿಲ್ಲ. ಆಮೇಲೆ ನನ್ನ ಸರದಿ ಇದ್ದ ದಿನ ಬೊಗಸೆ ಒಡ್ಡಲು ಬರಲೇ ಇಲ್ಲ. ಬಾಯಾರಿಕೊಂಡೇ ಸಂಜೆ ಮನೆಗೆ ಹೋಗುತ್ತಿದ್ದಳು. ಪರೀಕ್ಷೆ ಮುಗಿದ ಮೇಲೆ ಅವರ ಮನೆಯವರು ಕೂಲಿಗೆಂದು ಬ್ಲಫ್ ಎಂಬ ಊರಿನ ಕಡೆ ಹೋದರು.

ಮೊನ್ನೆ ನೀವಿಬ್ಬರೂ ಅದೇ ಭಾಷಣದ ಎರಡು ಹೊಸ ಪುಸ್ತಕ ಹಿಡಿದು "ಯಾವುದು ಚೆನ್ನಾಗಿದೆ ಅಜ್ಜಿ?" ಎಂದಾಗ ಕಣ್ಣು ಮಂಜು ಎಂದು ತಪ್ಪಿಸಿಕೊಂಡೆ. ಅದಕ್ಕೇ ಇದನ್ನು ಬರೆದೆ. ಮದುವೆ, ಮಕ್ಕಳು, ನಿಮ್ಮ ತಾತನ ಸಾವು ಎಲ್ಲವೂ ಆಗಿಹೋದವು. ಈಗ ದಣಿದಿದ್ದೇನೆ. ಇಷ್ಟು ವರ್ಷದಲ್ಲಿ ಎಷ್ಟೋ ಜನ ನನಗೆ ಎಷ್ಟೋ ಕೆಲಸ ಹೇಳಿದರು. ನನ್ನ ಧೈರ್ಯವನ್ನು ನಂಬಿ ಒಂದು ಮಾತು ಕೇಳಿದವಳು ಅವಳೊಬ್ಬಳೇ.